ಲೋಟದ ತಳದಲ್ಲಿ ಮೂರು ಚುಕ್ಕೆ

ನಿಮ್ಮ ಮನೆಯಲ್ಲಿ ಹಳೆಯ ಬೆಳ್ಳಿ ಲೋಟವೋ ಚಮಚವೋ ಇದ್ದರೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ. ಅದರಲ್ಲಿ ಹಾಲು ಕುಡಿಯಿರಿ, ಹಬ್ಬಕ್ಕೆ ವಿಭೂತಿ ಹಾಕಿ ಉಜ್ಜಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಮಗುಚಿ ತಳ ನೋಡುವ ಚಟಕ್ಕೆ ಮಾತ್ರ ಬೀಳಬೇಡಿ. ನಾನು ಬಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಮೂವತ್ತು ಚಿಲ್ಲರೆ ವರ್ಷ ನಾನು ಕೈಗಡಿಯಾರದ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡಿದವನು. ಸಾಸಿವೆಗಿಂತ ಚಿಕ್ಕ ಚಕ್ರದ ಹಲ್ಲು ಮುಕ್ಕಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಮಸೂರ ಕಚ್ಚಿಸಿಕೊಂಡು ನೋಡುವುದೇ ನನ್ನ ಬದುಕಾಗಿತ್ತು. ನಿವೃತ್ತನಾದ ದಿನ ಜೊತೆಯವರು ಶಾಲು ಹೊದಿಸಿ ಗೋಡೆಗಡಿಯಾರ ಕೊಟ್ಟರು. ನಾನು ಯಾರಿಗೂ ಹೇಳದೆ ಆ ಮಸೂರವನ್ನೂ ಜೇಬಿಗೆ ಹಾಕಿಕೊಂಡು ಬಂದೆ. ಕದ್ದದ್ದು ಎನ್ನಬೇಡಿ. ಅಷ್ಟು ವರ್ಷ ಕಣ್ಣಿಗೆ ಅಂಟಿಕೊಂಡದ್ದು ಮೈಯ ಭಾಗವೇ ಆಗಿಬಿಟ್ಟಿರುತ್ತದೆ. ನನ್ನ ಹೆಂಡತಿ ವಿಮಲ ಅದನ್ನು ಭೂತಗನ್ನಡಿ ಎಂದೇ ಕರೆಯುತ್ತಾಳೆ. ಆಗೆಲ್ಲ ಆ ಮಾತಿಗೆ ನಗುತ್ತಿದ್ದೆ.

ಜಯನಗರದ ನಮ್ಮ ಮನೆಯಲ್ಲಿ ಮಸೂರಕ್ಕೆ ಮಾಡಲು ಕೆಲಸವಿರಲಿಲ್ಲ. ಮಾತ್ರೆಯ ಹಾಳೆಯ ಮೇಲಿನ ಎಕ್ಸ್‌ಪೈರಿ ಓದುವುದು, ಅಂಗೈಗೆ ಚುಚ್ಚಿದ ಸಿಬಿರು ತೆಗೆಯುವುದು, ಇಷ್ಟೇ. ಒಂದು ದಿನ ಜೆ.ಪಿ. ನಗರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದಾಗ, ಸಕ್ಕರೆ ಬೇಕಾದರೆ ಹಾಕಿಕೊಳ್ಳಿ ಎಂದು ಕಾಫಿಯ ಜೊತೆ ಪುಟ್ಟ ಚಮಚ ಕೊಟ್ಟರು. ಹಿಡಿಯ ಹಿಂಭಾಗ ಬೆರಳಿಗೆ ತರಿತರಿಯಾಗಿ ತಾಕಿತು. ತರಿ ತಾಕಿದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮಸೂರ ತೆಗೆದು ನೋಡಿದರೆ ಒಂದು ಸಿಂಹ. ಅಕ್ಕಿನುಚ್ಚಿನಷ್ಟಿದ್ದ ಆ ಸಿಂಹ ಮುಂಗಾಲೊಂದನ್ನು ಎತ್ತಿಕೊಂಡು, ಯಾರೋ ನೋಡಿದರೆಂದು ಗೊತ್ತಾಗಿ ತಟ್ಟನೆ ನಿಂತುಬಿಟ್ಟ ಹಾಗಿತ್ತು. ಕಾಫಿ ಆರಿಹೋಯಿತು. ನನ್ನ ಮುಂದಿನ ಎರಡು ವರ್ಷವೂ ಅದರಲ್ಲೇ ಹೋಯಿತು.

ಫೋನಿನಲ್ಲಿ ಓದಿ ಓದಿ ವಿಷಯ ಕಲಿತೆ. ಇಂಗ್ಲೆಂಡಿನಲ್ಲಿ ಬೆಳ್ಳಿ ಸಾಮಾನು ಮಾಡಿದವನು ಅದನ್ನು ಹಾಗೇ ಮಾರುವಂತಿರಲಿಲ್ಲ. ಪರೀಕ್ಷೆಯ ಕಚೇರಿಗೆ ಒಯ್ಯಬೇಕು. ಅಲ್ಲಿ ಕೆರೆದು ನೋಡಿ, ಬೆಳ್ಳಿ ಅಪ್ಪಟವೆನಿಸಿದರೆ ನಡೆಯುವ ಸಿಂಹದ ಮುದ್ರೆ ಒತ್ತುತ್ತಾರೆ. ಯಾವ ಊರಿನ ಕಚೇರಿ ಎನ್ನುವುದಕ್ಕೆ ಇನ್ನೊಂದು ಮುದ್ರೆ: ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ ಎಂದು ವಿಮಲ ಕೇಳಿದ್ದಳು. ನನಗೂ ಸರಿಯಾಗಿ ಗೊತ್ತಿಲ್ಲ. ವರ್ಷವನ್ನು ಹೇಳುವುದು ಒಂದು ಅಕ್ಷರ. ಪ್ರತಿ ವರ್ಷ ಅಕ್ಷರ ಬದಲಾಗುತ್ತದೆ, ಅಕ್ಷರಗಳ ಸರದಿ ಮುಗಿದರೆ ಬರಹದ ರೀತಿಯನ್ನೇ ಬದಲಿಸಿ ಮತ್ತೆ ಮೊದಲಿನಿಂದ. ಇವುಗಳ ಜೊತೆ ಮಾಡಿದವನ ಹೆಸರಿನ ಮೊದಲಕ್ಷರಗಳು. ಅವನು ಸತ್ತು ಹೆಂಡತಿ ಅಂಗಡಿ ಮುಂದುವರಿಸಿದರೆ ಅವಳ ಹೆಸರಿನಲ್ಲಿ ಬೇರೆ ಮುದ್ರೆ. ಕೆಲವು ಸಲ ಒಬ್ಬರ ಗುರುತಿನ ಮೇಲೆಯೇ ಇನ್ನೊಬ್ಬರು ತಮ್ಮ ಗುರುತು ಒತ್ತಿಬಿಡುತ್ತಿದ್ದರಂತೆ. ಅಂಥದ್ದರ ಚಿತ್ರ ನೋಡಿದ್ದೇನೆ. ಮೇಲಿನ ಅಕ್ಷರದ ಸಂದಿಯಿಂದ ಕೆಳಗಿನ ಅಕ್ಷರದ ಕಾಲು ಚೂರೇ ಚೂರು ಚಾಚಿಕೊಂಡಿರುತ್ತದೆ, ಹೂತವರ ಪಾದ ಮಣ್ಣಿನಿಂದ ಹೊರಗೆ ಕಂಡ ಹಾಗೆ.

ಈ ವಿದ್ಯೆಯಿಂದ ನನಗೆ ಬಂದ ಕೀರ್ತಿ ಅಷ್ಟಕ್ಕಷ್ಟೆ. ಬನಶಂಕರಿಯ ಮದುವೆಮನೆಯೊಂದರಲ್ಲಿ ಬೀಗರ ಬೆಳ್ಳಿಯ ಪನ್ನೀರುದಾನಿಯನ್ನು ಮಗುಚಲು ಹೋಗಿ ಪನ್ನೀರೆಲ್ಲ ನನ್ನ ಪಂಚೆಯ ಮೇಲೆ ಸುರಿದುಕೊಂಡೆ. ಹುಳಿಮಾವಿನಲ್ಲಿ ಒಬ್ಬರು ಮುತ್ತಜ್ಜನಿಗೆ ದೊರೆಗಳು ಕೊಟ್ಟದ್ದೆಂದು ತೋರಿಸಿದ ತಟ್ಟೆಯನ್ನು ಬರೀ ಬೆಳ್ಳಿ ಲೇಪದ ತಗಡು ಎಂದು ಹೇಳಿ, ಆ ಮನೆಯ ಕಾಫಿಯನ್ನು ಶಾಶ್ವತವಾಗಿ ಕಳೆದುಕೊಂಡೆ. ವಿಮಲ ನನ್ನನ್ನು ಮದುವೆಗಳಿಗೆ ಕರೆದೊಯ್ಯುವುದನ್ನೇ ಬಿಟ್ಟಳು.

ನಮ್ಮ ಮನೆಯಲ್ಲೂ ಒಂದು ಇಂಗ್ಲಿಷ್ ಬೆಳ್ಳಿ ಲೋಟವಿತ್ತು. ಹಿಡಿಕೆಯಿರುವ, ಮಗುವಿನ ಕೈಗೆ ಹೊಂದುವಷ್ಟು ಪುಟ್ಟದು. ನನ್ನ ತಾಯಿಯ ತಂದೆ ದಂಡು ಪ್ರದೇಶದಲ್ಲಿ ಇಂಗ್ಲಿಷ್ ಡಾಕ್ಟರೊಬ್ಬರ ಬಳಿ ಕಾಂಪೌಂಡರ್ ಆಗಿದ್ದರಂತೆ. ಡಾಕ್ಟರ ಹೆಂಡತಿ ದೇಶ ಬಿಟ್ಟು ಹೋಗುವಾಗ ಕೊಟ್ಟದ್ದಂತೆ. ಮನೆಯಲ್ಲಿ ಅದಕ್ಕೆ ದೊರೆಸಾನಿ ಲೋಟವೆಂದೇ ಹೆಸರು. ನಾನು ಹಾಲು ಕುಡಿದು ಬೆಳೆದದ್ದು ಅದರಲ್ಲೇ. ಹಾಲು ಮುಗಿಯುತ್ತಾ ಬಂದಂತೆ ತಳದಲ್ಲಿ ಒಂದು ಮುಖ ಕೆನ್ನೆ ಊದಿಸಿಕೊಂಡು ಮೇಲೇಳುತ್ತಿತ್ತು. ಅದು ನಾನೇ ಎಂದು ನನಗೆ ಎಷ್ಟೋ ದಿನ ತಿಳಿದಿರಲಿಲ್ಲ. ಲೋಟದೊಳಗೊಬ್ಬ ಇದ್ದಾನೆ, ಅವನಿಗೂ ಹಸಿವು ಎಂದುಕೊಂಡು ಕೊನೆಯ ಗುಟುಕು ಬಿಟ್ಟುಬಿಡುತ್ತಿದ್ದೆ. ಅನ್ನದ ಒಂದಗುಳು ಚೆಲ್ಲಿದರೂ ಗದರುತ್ತಿದ್ದ ಅಮ್ಮ, ಆ ಉಳಿದ ಹಾಲಿಗೆ ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ. ತೆಗೆದುಕೊಂಡು ಹೋಗಿ ತುಳಸಿಕಟ್ಟೆಗೆ ಹುಯ್ಯುತ್ತಿದ್ದಳು.

ಚಟ ಹತ್ತಿದ ಮೇಲೆ ಮೊದಲು ಮಗುಚಿದ್ದೇ ಆ ಲೋಟವನ್ನು. ಲಂಗರು, ಸಿಂಹ, ವರ್ಷದ ಅಕ್ಷರ, ಮಾಡಿದವನ ಎರಡಕ್ಷರ, ಎಲ್ಲ ಸಿಕ್ಕಿದವು. ಸಿಂಹ ಮಾತ್ರ ಉಜ್ಜಿ ಉಜ್ಜಿ ಮುಖ ಸವೆದು ಕುರಿಯಂತಾಗಿತ್ತು. ಸಿಂಹದ ಪಕ್ಕದಲ್ಲಿ, ಯಾವ ಪಟ್ಟಿಯಲ್ಲೂ ಸಿಗದ ಮೂರು ಚುಕ್ಕೆಗಳಿದ್ದವು. ಒಂದರ ಕೆಳಗೊಂದು, ಸೂಜಿಮೊನೆಗಿಂತ ಕೊಂಚ ದಪ್ಪ. ದೊಡ್ಡ ಅಂಗಡಿಗಳಲ್ಲಿ ಯಾವ ಆಳು ಮಾಡಿದ ಕೆಲಸವೆಂದು ತಿಳಿಯಲು ಇಂಥ ಚುಕ್ಕೆ ನಕ್ಷತ್ರಗಳನ್ನು ಇಡುತ್ತಿದ್ದರೆಂದು ಓದಿದ್ದೆ. ಬರ್ಮಿಂಗ್‌ಹ್ಯಾಮಿನ ಯಾರೋ ಬಡ ಕೆಲಸಗಾರನ ಗುರುತು ಎಂದು ತೀರ್ಮಾನಿಸಿ, ಮುದ್ರೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕದಲ್ಲಿ ಹಾಗೇ ಬರೆದಿಟ್ಟು, ಬಂದವರಿಗೆಲ್ಲ ಅವನ ಕಷ್ಟವನ್ನು ಬಣ್ಣಿಸುತ್ತಿದ್ದೆ.

ಹೋದ ವರ್ಷ ನಮ್ಮ ಮಗಳು ಸ್ಮಿತಾಗೆ ಹೆಣ್ಣು ಮಗುವಾಯಿತು. ಸ್ಮಿತಾ ಹಲ್ಲಿನ ಡಾಕ್ಟರು, ಬಿಟಿಎಂ ಲೇಔಟಿನಲ್ಲಿ ಅವಳ ಮನೆ. ಮಗುವಿಗೆ ಇಂಚರ ಎಂದು ಹೆಸರಿಟ್ಟರು. ಏಳನೇ ತಿಂಗಳಲ್ಲಿ ಅನ್ನಪ್ರಾಶನವನ್ನು ನಮ್ಮ ಮನೆಯಲ್ಲೇ ಮಾಡುವುದೆಂದಾಯಿತು. ಮೊದಲ ತುತ್ತು ದೊರೆಸಾನಿ ಲೋಟದಿಂದಲೇ ಆಗಬೇಕು, ಅದರ ಮೇಲೆ ಇಂಚರಳ ಹೆಸರು ಕೆತ್ತಿಸಿಡಪ್ಪ ಎಂದು ಸ್ಮಿತಾ ಹೇಳಿದಳು. ನನಗೂ ಅದು ಚೆನ್ನಾಗಿ ಕಂಡಿತು.

ನಾಲ್ಕನೇ ಬ್ಲಾಕಿನ ಒಂದು ಓಣಿಯಲ್ಲಿ ನಂಜುಂಡಾಚಾರ್ ಎಂಬುವರ ಬೆಳ್ಳಿ ಕೆಲಸದ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ತಾತನ ಕಾಲಕ್ಕೆ ಪೇಟೆಯಲ್ಲಿದ್ದದ್ದು, ಇವರ ಕಾಲಕ್ಕೆ ಇಲ್ಲಿಗೆ ಬಂದಿದೆ. ನಾನು ಹೋದಾಗ ಮಟಮಟ ಮಧ್ಯಾಹ್ನ. ಆಚಾರ್ರು ಲೋಟವನ್ನು ನೋಡಿ, ಒಳ್ಳೇ ಸಾಮಾನು ಎಂದು ಮೆಚ್ಚಿಕೊಂಡರು. ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡರು. ಆಮೇಲೆ ತೂಕ ನೋಡುವವರಂತೆ ಲೋಟವನ್ನು ಮಗುಚಿದರು. ಅವರ ಕೈ ನಿಂತುಹೋಯಿತು.

ಲೋಟವನ್ನು ಬಾಯಿಯ ಹತ್ತಿರ ತಂದು, ಕನ್ನಡಕಕ್ಕೆ ಹಬೆ ಬಿಡುತ್ತೇವಲ್ಲ ಹಾಗೆ, ಅದರ ಹೊಟ್ಟೆಯ ಮೇಲೆ ಉಸಿರು ಬಿಟ್ಟರು. ಒಂದು ಕ್ಷಣ ನೋಡಿ, ನನಗೆ ಕಾಣುವ ಮೊದಲೇ ಬಟ್ಟೆ ಮುಚ್ಚಿಬಿಟ್ಟರು.

“ಇದಕ್ಕೆ ಹೆಸರು ಬೇಡ ಸಾರ್,” ಎಂದರು.

ಯಾಕೆಂದು ಕೇಳಿದೆ. ಬೆಳ್ಳಿ ತೆಳುವಾಗಿದೆಯೇ ಎಂದೂ ಕೇಳಿದೆ. ಅವರು ತಲೆಯಾಡಿಸಿ, ಹಳೆಯ ಡಬ್ಬಿಯೊಂದನ್ನು ಹುಡುಕಿ ತೆಗೆದು, ಅದರಿಂದ ಒಂದು ಉಕ್ಕಿನ ಮೊಳೆಯನ್ನು ನನ್ನ ಮುಂದಿಟ್ಟರು.

“ನಿಮ್ಮ ಲೋಟದಲ್ಲಿರೋ ಚುಕ್ಕೆ ನಮ್ಮ ತಾತಂದು. ಹೋದ ಮಕ್ಕಳ ಹೆಸರು ಅಳಿಸಕ್ಕೆ ಯಾರಾದ್ರೂ ತಂದ್ರೆ, ಅಳಿಸಿ ತಳದಲ್ಲೊಂದು ಚುಕ್ಕೆ ಇಡೋರು. ಮತ್ತೆ ಅದರ ಮೇಲೆ ಯಾರೂ ಹೆಸರು ಬರೀಬಾರ್ದು ಅಂತ. ಒಂದು ಚುಕ್ಕೆ ಇರೋದು ನಾಲ್ಕೈದು ನೋಡಿದೀನಿ ಸಾರ್. ಮೂರು ಇರೋದು ನೋಡಿರ್ಲಿಲ್ಲ.”

ನಾನು ತಪಾಸಣೆಯವನು, ಹೇಳಿದ್ದನ್ನೆಲ್ಲ ನಂಬುವವನಲ್ಲ. ಒಂದು ಸೀಸದ ಚೂರಿನ ಮೇಲೆ ಆ ಮೊಳೆಯನ್ನು ಒತ್ತಿಕೊಡಿ ಎಂದೆ. ಒತ್ತಿಕೊಟ್ಟರು. ಮಸೂರ ಕಚ್ಚಿಸಿಕೊಂಡು ನೋಡಿದೆ. ಚುಕ್ಕೆ ಪೂರ್ತಿ ಗುಂಡಗಿರಲಿಲ್ಲ. ಬಲಗಡೆಯ ಅಂಚಿನಲ್ಲಿ ಇಲಿ ಕಚ್ಚಿದಂತೆ ಸಣ್ಣ ಮುಕ್ಕಿತ್ತು. ಲೋಟದ ತಳ ನೋಡಿದೆ. ಮೂರು ಚುಕ್ಕೆಗೂ ಬಲಗಡೆ ಅದೇ ಮುಕ್ಕು. ನನ್ನ ಬರ್ಮಿಂಗ್‌ಹ್ಯಾಮಿನ ಬಡ ಕೆಲಸಗಾರ ಅಲ್ಲೇ ಸತ್ತ. ಹೆಸರು ಯಾವುದು ಎಂದು ಕೇಳಿದ್ದಕ್ಕೆ, ಮನೆಗೆ ಹೋಗಿ ನೋಡಿಕೊಳ್ಳಿ, ಇಲ್ಲಿ ಬೇಡ ಎಂದರು.

ಉಸಿರಿನ ಈ ವಿದ್ಯೆ ನನಗೂ ತಿಳಿದದ್ದೇ. ಕೆತ್ತಿದ್ದನ್ನು ಎಷ್ಟು ನಯವಾಗಿ ಉಜ್ಜಿ ತೆಗೆದರೂ ಬೆಳ್ಳಿಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತಗ್ಗು ಉಳಿದಿರುತ್ತದೆ. ಉಸಿರಿನ ಹಬೆ ಅಲ್ಲಿ ಬೇರೆ ರೀತಿ ಕೂರುತ್ತದೆ. ಹಬೆ ಇರುವಷ್ಟು ಹೊತ್ತು ಅಳಿಸಿದ್ದು ಕಾಣುತ್ತದೆ, ಹಬೆ ಆರಿದರೆ ಅದೂ ಹೋಗುತ್ತದೆ. ಯಾರ್ಯಾರದೋ ಮನೆಯ ಬೆಳ್ಳಿಯ ಮೇಲೆ ಉಸಿರು ಬಿಟ್ಟಿದ್ದೆ. ನಮ್ಮ ಲೋಟಕ್ಕೆ ಬಿಡಬೇಕೆಂದು ಮಾತ್ರ ಎಂದೂ ತೋಚಿರಲಿಲ್ಲ.

ಮನೆಗೆ ಬಂದಾಗ ವಿಮಲ ಒಳಗೆ ಮಲಗಿದ್ದಳು. ಬೀದಿಯಲ್ಲಿ ಒಂದು ಆಟೋ ಸದ್ದೂ ಇರಲಿಲ್ಲ. ಕಿಟಕಿಯ ಹತ್ತಿರ ಕೂತು, ಲೋಟದ ಮುಂಭಾಗಕ್ಕೆ ಉಸಿರು ಬಿಟ್ಟೆ. ಇಂಗ್ಲಿಷಿನ ಬಳ್ಳಿಬಳ್ಳಿಯಾದ ಅಕ್ಷರಗಳು ಒಳಗಿನಿಂದ ಎದ್ದು ಬಂದಂತೆ ಬಂದವು. ಆರ್ಥರ್. ನೋಡುತ್ತಿದ್ದಂತೆ ಅಂಚಿನಿಂದ ಕರಗುತ್ತಾ ಹೋದವು. ಕೊಂಚ ಕೆಳಗೆ ಮತ್ತೆ ಬಿಟ್ಟೆ. ಈ ಸಲ ಬಂದದ್ದು ಕನ್ನಡ. ಸುಗುಣ. ಗುಂಡಗಿನ, ನನ್ನ ಅಪ್ಪನ ಕೈಬರಹವನ್ನು ಹೋಲುವ ಅಕ್ಷರ. ನನಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿ ಹೋಗಿತ್ತೆಂದು ನನಗೆ ಗೊತ್ತಿತ್ತು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಎತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ನನ್ನ ಅಕ್ಕನ ಹೆಸರು ನನಗೆ ತಿಳಿಯಿತು, ನನ್ನದೇ ಉಸಿರಿನಲ್ಲಿ.

ಹಿಡಿಕೆಯ ಆಚೆಯ ಪಕ್ಕ ಇನ್ನೂ ಬಾಕಿಯಿತ್ತು. ವಿಮಲ ಎದ್ದಳು, ಕಾಫಿಗಿಡಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡು ಲೋಟವನ್ನು ಪೆಟ್ಟಿಗೆಯಲ್ಲಿಟ್ಟೆ. ನಿಜವಾಗಿ ಧೈರ್ಯ ಸಾಲಲಿಲ್ಲ.

ಮರುದಿನ ಯಡಿಯೂರಿಗೆ ಹೋದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಕೆರೆಯ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಚುರುಕು. ಲೋಟವನ್ನು ಮಡಿಲಿಗೆ ಕೊಟ್ಟೆ. ಸೆರಗಿನಿಂದ ಒರೆಸುತ್ತಾ, ಯಾರದಾದರೂ ಹೆಸರು ಕೆತ್ತಿಸಲು ಹೊರಟಿದ್ದೀರೇನೋ ಎಂದು ಕೇಳಿದರು. ಮೊಮ್ಮಗಳದು ಎಂದೆ. ಲೋಟವನ್ನು ಮಡಿಲಲ್ಲೇ ಇಟ್ಟುಕೊಂಡು ಹೇಳತೊಡಗಿದರು.

ಆರ್ಥರ್ ಎಂದರೆ ಆ ಇಂಗ್ಲಿಷ್ ಡಾಕ್ಟರ ಒಬ್ಬನೇ ಮಗ. ಎರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದ. ಕೊನೆಯ ಮೂರು ದಿನ ಹಾಸಿಗೆಯ ಪಕ್ಕ ಕೂತವರು ನಮ್ಮ ತಾತ. ಊರು ಬಿಟ್ಟು ಹೊರಟಾಗ ದೊರೆಸಾನಿ, ಹೆಸರು ಇದ್ದರೆ ನನ್ನ ಕೈಯಲ್ಲಿ ಕೊಡಲಾಗುವುದಿಲ್ಲ ಎಂದು ಅದನ್ನು ಅಳಿಸಿಸಿ, ನಿಮ್ಮ ಮನೆಯ ಮಗು ಇದರಲ್ಲಿ ಹಾಲು ಕುಡಿಯಲಿ ಎಂದು ಕೊಟ್ಟಳು. ಅಳಿಸಿದ ಪೇಟೆಯ ಆಚಾರಿ ತಾತನಿಗೆ ಹೇಳಿದ್ದು ಒಂದೇ ಮಾತು: ಹಾಲು ಕುಡಿಸಿ, ಹೆಸರು ಮಾತ್ರ ಬರೆಸಬೇಡಿ. ತಾತ ಅದನ್ನು ಯಾರಿಗೂ ಹೇಳಲಿಲ್ಲ. ನನ್ನ ಅಮ್ಮನಿಗೆ ಸುಗುಣ ಹುಟ್ಟಿದಾಗ ನನ್ನ ಅಪ್ಪ ಖುಷಿಯಿಂದ ಹೆಸರು ಕೆತ್ತಿಸಿದರು. ಹನ್ನೊಂದು ತಿಂಗಳಿಗೆ ಮಗು ಹೋಯಿತು. ಅಮ್ಮ ಹೆಸರು ಅಳಿಸಿಸಿದಳು. ಆಚಾರಿಯ ಮಾತು ಹೊರಬಿದ್ದದ್ದು ಆಗಲೇ. ಮೂರು ವರ್ಷದ ಮೇಲೆ ಗಂಡು ಮಗು ಹುಟ್ಟಿತು. ಅಪ್ಪ ಇಂಥದ್ದನ್ನೆಲ್ಲ ನಂಬುವವರಲ್ಲ. ಹಟ ಹಿಡಿದು ಮತ್ತೆ ಕೆತ್ತಿಸಿದರು.

“ಶ್ರೀವತ್ಸ ಅಂತ,” ಎಂದರು ಚಿಕ್ಕಮ್ಮ.

ನನಗೊಬ್ಬ ಅಣ್ಣನೂ ಇದ್ದನೇ ಎಂದು ಕೇಳಿದೆ. ಕಿವಿ ಕೇಳಿಸಲಿಲ್ಲವೇನೋ ಎಂದು ಜೋರಾಗಿ ಮತ್ತೆ ಕೇಳಿದೆ.

“ಅಣ್ಣ ಎಲ್ಲಿಂದ ಬರ್ತಾನೋ. ಅದು ನೀನು.”

ನನ್ನ ಹೆಸರು ತಿಪ್ಪಯ್ಯ. ಇಷ್ಟು ಹೊತ್ತು ನಿಮಗೆ ಹೇಳದಿದ್ದದ್ದು ಹಳೆಯ ನಾಚಿಕೆಯಿಂದ. ಶಾಲೆಯಲ್ಲಿ ಹಾಜರಿ ಕರೆದಾಗ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ಅದನ್ನು ಕತ್ತರಿಸಿ ಟಿಪ್ಸ್ ಮಾಡಿದರು. ಸುರೇಶ, ರಮೇಶ ಎಂದು ಇಡಬಾರದಿತ್ತೇ ಎಂದು ಅಮ್ಮನ ಹತ್ತಿರ ಜಗಳವಾಡಿದ್ದೇನೆ. ಮುತ್ತಜ್ಜನ ಹೆಸರು ಎಂದಷ್ಟೇ ಹೇಳುತ್ತಿದ್ದಳು.

ಹತ್ತು ತಿಂಗಳಿಗೆ ನನಗೂ ಜ್ವರ ಬಂತಂತೆ. ಆರನೇ ದಿನ ಡಾಕ್ಟರು ಕೈಚೆಲ್ಲಿದರು. ಅಪ್ಪ ಕೆಲಸಕ್ಕೆ ಹೋಗಿದ್ದರು. ಅಮ್ಮ ನನ್ನನ್ನು ಆಗಿನ್ನೂ ಹುಡುಗಿಯಾಗಿದ್ದ ಚಿಕ್ಕಮ್ಮನ ತೊಡೆಯ ಮೇಲೆ ಹಾಕಿ, ಲೋಟವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಿರುಬಿಸಿಲಲ್ಲಿ ಬರಿಗಾಲಲ್ಲಿ ಬಸವನಗುಡಿಯಿಂದ ಪೇಟೆಗೆ ನಡೆದಳು. ಹೆಸರು ಅಳಿಸುವವರೆಗೆ ಆಚಾರಿಯ ಮುಂದೆ ನಿಂತಿದ್ದು, ತಿರುಗಿ ಬಂದು ಮನೆಯ ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ಬೇರೆ ಯಾರದೋ ಮನೆಗೆ ಬಂದವಳಂತೆ ಚಿಕ್ಕಮ್ಮನನ್ನು ಕೇಳಿದಳಂತೆ, “ಯಾರದಮ್ಮ ಈ ಮಗು?”

ಹೊರಡುವ ಮೊದಲೇ ಹೇಳಿಕೊಟ್ಟಿದ್ದಂತೆ ಚಿಕ್ಕಮ್ಮ, ಗೊತ್ತಿಲ್ಲ, ತಿಪ್ಪೆಯ ಮೇಲೆ ಸಿಕ್ಕಿತು ಎಂದರು. ಹಾಗಾದರೆ ನಾನು ಸಾಕಿಕೊಳ್ಳುತ್ತೇನೆ ಎಂದು ಅಮ್ಮ ನನ್ನನ್ನು ಎತ್ತಿಕೊಂಡಳು. ಸಾಯಂಕಾಲ ಅಪ್ಪ ಬಂದು ಶ್ರೀವತ್ಸ ಹೇಗಿದ್ದಾನೆ ಎಂದು ಕೇಳಿದರು. ಅಮ್ಮ, “ಹೋದ,” ಎಂದಳು. ಎಂದು, ತಲೆಗೆ ನೀರು ಹುಯ್ದು ಸ್ನಾನ ಮಾಡಿದಳು. ನನ್ನ ಜ್ವರ ಅಷ್ಟರಲ್ಲಿ ಇಳಿದಿತ್ತು.

“ಸುಮ್ಮನೆ ಶಾಸ್ತ್ರಕ್ಕೆ ಅಂದ್ಕೊಂಡಿದ್ದೆ ಕಣೋ,” ಎಂದರು ಚಿಕ್ಕಮ್ಮ. “ಆದ್ರೆ ಅವಳು ನಿಜವಾಗ್ಲೂ ಅತ್ತಳು. ಹೋದವನಿಗೆ ಅಳೋ ಹಾಗೇ ಅತ್ತಳು. ತೊಡೆ ಮೇಲೆ ನಿನ್ನ ಇಟ್ಕೊಂಡೇ.”

ಅವರು ಅಷ್ಟು ಹೇಳುವ ಹೊತ್ತಿಗೆ ನನಗೊಂದು ನೆನಪಾಯಿತು. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಅಮ್ಮ ಹಿತ್ತಲ ಗೋಡೆಯ ಮೇಲೆ ಮೊಸರನ್ನದ ಎರಡು ಉಂಡೆ ಇಟ್ಟು ಕಾಗೆ ಕರೆಯುತ್ತಿದ್ದಳು. ಯಾರಿಗೆಂದು ಕೇಳಿದರೆ ಕಾಗೆಗೆ ಎನ್ನುತ್ತಿದ್ದಳು. ಐದಾರು ವರ್ಷದವನಿದ್ದಾಗ ಒಂದು ಸಲ, ಕಾಗೆ ಬರುವ ಮೊದಲೇ ನಾನು ಕಲ್ಲು ಹತ್ತಿ ಒಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡುಬಿಟ್ಟೆ. ಅಮ್ಮ ನೋಡಿ ಓಡಿ ಬಂದು ನನ್ನ ದವಡೆ ಹಿಡಿದಳು. ಎಡಗಡೆಯದು ತಿಂದೆಯಾ, ಬಲಗಡೆಯದಾ ಎಂದು ಕೇಳಿದಳು. ಹೊಡೆತ ಬೀಳುವುದೆಂದು ನಡುಗುತ್ತಾ ಬಲಗಡೆಯದು ಎಂದೆ. ಕೈ ಬಿಟ್ಟಳು. ಗೋಡೆಗೆ ಒರಗಿ ನನ್ನನ್ನೇ ಬಹಳ ಹೊತ್ತು ನೋಡಿದಳು. “ಅದಾದ್ರೆ ಪರವಾಗಿಲ್ಲ, ಅದು ನಿಂದೇ,” ಎಂದಳು. ನನಗಾಗಿ ಇಟ್ಟದ್ದನ್ನೇ ತಿಂದಿದ್ದೇನೆಂದು ಖುಷಿಯಾಗಿ ಆಡಲು ಓಡಿದ್ದೆ.

ಮನೆಗೆ ಬಂದು ಹಿಡಿಕೆಯ ಆಚೆಯ ಪಕ್ಕಕ್ಕೆ ಉಸಿರು ಬಿಟ್ಟೆ. ಶ್ರೀವತ್ಸ. ಆ ಹೆಸರಿನಿಂದ ನನ್ನನ್ನು ಹತ್ತು ತಿಂಗಳು ಮುದ್ದಿಸಿದ್ದಾರೆ, ಎಣ್ಣೆ ಹಚ್ಚಿ ಎರೆದಿದ್ದಾರೆ, ಜೋಗುಳ ಹಾಡಿದ್ದಾರೆ. ಆಮೇಲೆ ಅದಕ್ಕೆ ಎಳ್ಳುನೀರು ಬಿಟ್ಟಿದ್ದಾರೆ. ಹಬೆ ಆರುತ್ತಾ ಬಂತು. ಕೊನೆಯ ಒತ್ತಕ್ಷರ ಕಾಣೆಯಾಗುವವರೆಗೂ ನೋಡಿದೆ. ಮತ್ತೆ ಉಸಿರು ಬಿಟ್ಟೆ. ಎಷ್ಟು ಸಲ ಬಿಟ್ಟೆನೋ ತಿಳಿಯದು. ವಿಮಲ ಬಂದು ಭುಜ ಮುಟ್ಟಿದಾಗ ತಲೆ ಸುತ್ತುತ್ತಿತ್ತು. ಎಲ್ಲ ಕೇಳಿಸಿಕೊಂಡು ಅವಳು, “ಅತ್ತೆ ಎಷ್ಟು ಕಷ್ಟಪಟ್ಟು ಅಳಿಸಿದಾರೆ. ನೀವು ಅದನ್ನ ಹೀಗೆ ಎಬ್ಬಿಸಬೇಡಿ ರೀ,” ಎಂದಳು.

ಸ್ಮಿತಾಗೆ ಫೋನಿನಲ್ಲಿ ಹೇಳಿದೆ. ಅವಳು ಮೊದಲು ನಕ್ಕಳು. ಆಗಿನ ಕಾಲಕ್ಕೆ ಎಷ್ಟು ಮಕ್ಕಳು ಹೀಗೆ ಹೋಗುತ್ತಿದ್ದವು ಗೊತ್ತೇನಪ್ಪ, ಲೋಟ ಏನು ಮಾಡುತ್ತದೆ ಎಂದಳು. ಬಾಗಿಲ ಮುಂದೆ ಅಮ್ಮ ನಿಂತ ಕಥೆಯನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡಳು. ಕೊನೆಗೆ, ಇಂಚರಳ ಹೆಸರು ಕೆತ್ತಿಸುವುದು ಬೇಡ ಎಂದಳು. ನನ್ನ ಎದೆಯಿಂದ ಒಂದು ಭಾರ ಇಳಿಯಿತು. ಶುಕ್ರವಾರ ಬಂದು, ಪಾಲಿಷ್ ಮಾಡಿಸಿ ತರುತ್ತೇನೆ ಎಂದು ಲೋಟ ತೆಗೆದುಕೊಂಡು ಹೋದಳು.

ಭಾನುವಾರ ಬೆಳಗ್ಗೆ ಮಗು, ಅಳಿಯ, ಹೂವಿನ ಬುಟ್ಟಿ ಎಲ್ಲ ಬಂದರು. ಪಾಯಸದ ಏಲಕ್ಕಿ ಪರಿಮಳ ಬೀದಿಯವರೆಗೂ ಹೋಗಿತ್ತು. ಪೂಜೆಯಾಯಿತು. ಸ್ಮಿತಾ ಚೀಲದಿಂದ ಲೋಟ ತೆಗೆದು ನನ್ನ ಕೈಗಿಟ್ಟಳು. ಥಳಥಳ ಹೊಳೆಯುತ್ತಿತ್ತು. ಹಿಡಿಕೆಯ ಆಚೆಯ ಪಕ್ಕ, ಉಸಿರಿನ ಹಂಗಿಲ್ಲದೆ, ಕಡುಕಪ್ಪು ಗೆರೆಯಲ್ಲಿ ಶ್ರೀವತ್ಸ ಎಂದಿತ್ತು.

ಆಚಾರ್ರು ಖಂಡಿತ ಒಪ್ಪಲಿಲ್ಲವಂತೆ. ಇವಳು ಇನ್ನೊಂದು ಕಡೆ ಲೇಸರ್ ಮೆಷಿನ್ನಿನಲ್ಲಿ ಕೆತ್ತಿಸಿದ್ದಳು. ಐದು ನಿಮಿಷದ ಕೆಲಸವಂತೆ.

“ಉಳಿದ ಇಬ್ಬರು ನಿಜವಾಗ್ಲೂ ಇಲ್ಲ,” ಎಂದಳು. “ನೀನು ಇದೀಯಲ್ಲಪ್ಪ. ನಿನ್ನ ಹೆಸರು ಯಾಕೆ ಅವರ ಜೊತೆ ಇರಬೇಕು?”

ವಿಮಲ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ಪ್ರೀತಿಯಿಂದ ಮಾಡಿದ್ದಕ್ಕೆ ಏನೆನ್ನಲಿ? ಮಗಳ ತಲೆ ಸವರಿದೆ. ಅವಳು ತಮಾಷೆಗೆ, “ಬನ್ನಿ ಶ್ರೀವತ್ಸ ಅವರೇ, ಮೊಮ್ಮಗಳಿಗೆ ತಿನ್ನಿಸಿ,” ಎಂದಳು. ಆ ಹೆಸರನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಕರೆದು ಅರವತ್ತು ವರ್ಷವಾಗಿತ್ತು. ಓ ಎಂದೆ.

ಇಂಚರ ಪಾಯಸವನ್ನು ಚಪ್ಪರಿಸಿ ತಿಂದಳು. ಲೋಟದ ಅಂಚನ್ನು ಹಲ್ಲಿಲ್ಲದ ವಸಡಿನಿಂದ ಕಚ್ಚಿ ಹಿಡಿದು ಬಿಡಲೊಲ್ಲಳು. ಎಲ್ಲರೂ ನಕ್ಕೆವು. ಆ ನಗುವಿನ ಮಧ್ಯೆ ಗೇಟಿನ ಸದ್ದಾಯಿತು. ನಾನೇ ಎದ್ದು ಹೋದೆ.

ಹೊರಗೆ ನನ್ನ ವಯಸ್ಸಿನವರೇ ಒಬ್ಬರು ನಿಂತಿದ್ದರು. ಬಿಳಿ ಷರಟು, ಕಂಕುಳಲ್ಲಿ ರಟ್ಟಿನ ಫೈಲು, ಕೈಯಲ್ಲಿ ಮಡಿಸಿದ ಚೀಟಿ. ಬಿಸಿಲಲ್ಲಿ ಬಂದವರ ಹಾಗೆ ಕಾಣಲಿಲ್ಲ, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ನಮಸ್ಕಾರ ಮಾಡಿ, “ಶ್ರೀವತ್ಸ ಅವರು ಇದಾರಾ?” ಎಂದು ಕೇಳಿದರು.

ಯಾವ ಶ್ರೀವತ್ಸ ಎಂದೆ. ಚೀಟಿ ನೋಡಿಕೊಂಡು, ಬರೀ ಶ್ರೀವತ್ಸ ಎಂದಷ್ಟೇ ಇದೆ, ಮನೆ ನಂಬರು ಮಾತ್ರ ಇದೇ ಎಂದರು. ಏನು ಕೆಲಸವೆಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ.

“ಆ ಹೆಸರಿನವರು ಇಲ್ಲಿ ಯಾರೂ ಇಲ್ಲ,” ಎಂದೆ.

ಅವರು ನನ್ನ ಭುಜದ ಮೇಲಿಂದ ಒಳಗೆ ನೋಡಿದರು. ಒಳಗೆ ಮಗು ಕೇಕೆ ಹಾಕುತ್ತಿತ್ತು. ನಿಮ್ಮ ಹೆಸರೇನು ಎಂದು ಕೇಳಿದರು. ತಿಪ್ಪಯ್ಯ ಎಂದೆ. ಬದುಕಿನಲ್ಲಿ ಮೊದಲ ಸಲ ಆ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ, ನಾಚದೆ ಹೇಳಿದೆ. ಅವರು ತಲೆದೂಗಿದರು. ಬೇಸರವೂ ಇಲ್ಲ, ಅವಸರವೂ ಇಲ್ಲ. ಚೀಟಿಯನ್ನು ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡು, “ಪರವಾಗಿಲ್ಲ, ಬರ್ತೀನಿ,” ಎಂದರು.

ನಮ್ಮಲ್ಲಿ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲವಲ್ಲ, ಎಲ್ಲರೂ ಬರುತ್ತೇನೆ ಎಂದೇ ಹೇಳುವುದು. ಅವರೂ ಹಾಗೇ ಹೇಳಿದ್ದು. ರಸ್ತೆಯ ತಿರುವಿನವರೆಗೂ ನಿಧಾನವಾಗಿ ನಡೆದು ಹೋದರು. ಪಕ್ಕದ ಯಾವ ಮನೆಯಲ್ಲೂ ವಿಚಾರಿಸಲಿಲ್ಲ. ಒಳಗಿನಿಂದ ಸ್ಮಿತಾ ಯಾರಪ್ಪ ಎಂದು ಕೂಗಿದಳು. ವಿಳಾಸ ತಪ್ಪಿ ಬಂದಿದ್ದರು ಎಂದೆ. ಗೇಟಿಗೆ ಚಿಲಕ ಹಾಕುವಾಗಲೇ ನೆನಪಾದದ್ದು. ಅವರು ಬರ್ತೀನಿ ಎಂದಾಗ, ಎಲ್ಲರಿಗೂ ಹೇಳುವ ಹಾಗೆ, ಯೋಚನೆಯೇ ಇಲ್ಲದೆ, “ಆಯ್ತು, ಬನ್ನಿ,” ಎಂದುಬಿಟ್ಟಿದ್ದೆ.